ಚಿಮಣಿಗೆ ಹಾಳೆ ಅಂಟಿಸಿ ಕರೆಂಟ್ ತೆಗೆಯಬಹುದೇ?

ಮಹಾಲಿಂಗಪುರದ ಹತ್ತಿರ ಬೆಲ್ಲದ ಗಾಣ ನಡೆಸುವ ಓದುಗರೊಬ್ಬರು ಬರೆದಿದ್ದಾರೆ: "ಚಿಮಣಿಗೆ ತೆಳು ಹಾಳೆ ಅಂಟಿಸಿದರೆ, ಸುಮ್ನೆ ಹೋಗುವ ಬಿಸಿಯಿಂದ ಅಗ್ಗದಲ್ಲಿ ಕರೆಂಟ್ ಬರುತ್ತದೆ ಅಂತ ಮೊಬೈಲ್‌ನಲ್ಲಿ ನೋಡಿದೆ. ಗಾಣದ ಮೋಟಾರು ಓಡೀತೇ?"

ಉತ್ತರ: ಓಡುವುದಿಲ್ಲ ರೀ. ಸದ್ಯಕ್ಕೆ ದುಡ್ಡು ಹಾಕಬೇಡಿ.

ಹಾಗಂತ ವಿದ್ಯೆ ಸುಳ್ಳಲ್ಲ. ಎರಡು ಬೇರೆ ಲೋಹಗಳನ್ನು ಜೋಡಿಸಿ, ಒಂದು ತುದಿ ಕಾಯಿಸಿ ಇನ್ನೊಂದನ್ನು ತಣ್ಣಗಿಟ್ಟರೆ ಕರೆಂಟ್ ಹುಟ್ಟುತ್ತದೆ. ಇದನ್ನು 1821ರಲ್ಲಿ ಗುರುತಿಸಿದವರು ಭೌತವಿಜ್ಞಾನಿ ಸೀಬೆಕ್. 1977ರಲ್ಲಿ ಹಾರಿದ ವಾಯೇಜರ್ ಬಾಹ್ಯಾಕಾಶ ನೌಕೆಗಳಿಗೂ ಕರೆಂಟಿಗೆ ಇದೇ ಆಧಾರ.

ತೊಡಕು ಇರುವುದು ತಂಪಿನಲ್ಲಿ. ಬಿಸಿ ಒಂದೇ ಸಾಲದು. ನೀರು ಹರಿಯಲು ಇಳಿಜಾರು ಬೇಕಲ್ವಾ, ಹಾಗೆ. ಚಿಮಣಿ ಕಡೆಯ ಮುಖ 150 ಡಿಗ್ರಿ, ಹೊರಗಿನ ಮುಖ 50 ಡಿಗ್ರಿ ಅಂದುಕೊಳ್ಳಿ. 100 ವ್ಯಾಟ್ ಬಿಸಿ ದಾಟಿದರೆ, ಎಷ್ಟೇ ಒಳ್ಳೆಯ ಯಂತ್ರಕ್ಕೂ ಸುಮಾರು 24 ವ್ಯಾಟ್‌ಗಿಂತ ಜಾಸ್ತಿ ಸಿಗದು. ಬಿಸಿಯಿಂದ ಕರೆಂಟ್ ತೆಗೆಯಲು ಪೇಟೆಯಲ್ಲಿ ಸಿಗುವ ಬಿಸ್ಮತ್ ಟೆಲ್ಲುರೈಡ್ ಬಿಲ್ಲೆ ಕೊಡುವುದು 3–4 ವ್ಯಾಟ್. ಬೇಸಿಗೆಯಲ್ಲಿ ನಮ್ಮ ಬಾಗಲಕೋಟೆ ಕಡೆ ಗಾಳಿಯೇ 40 ಡಿಗ್ರಿ. ಹೊರಗಿನ ಮುಖವನ್ನು 50ರಲ್ಲಿ ನಿಲ್ಲಿಸಲು ನೀರು ಹರಿಸಬೇಕು. ಆ ಪಂಪಿಗೆ ಮತ್ತೆ ಕರೆಂಟ್!

ತೆಳು ಹಾಳೆ ಯಾಕೆ ಬಂತು? ಆ ಬಿಲ್ಲೆಗೆ ಬೇಕಾದ ಟೆಲ್ಲುರಿಯಂ ಅಪರೂಪ, ಬಹುಪಾಲು ತಾಮ್ರ ಶುದ್ಧಿ ಮಾಡುವಾಗ ಸಿಗುವಂಥದ್ದು. ಅದಕ್ಕೇ ಕಾಪರ್ ಅಯೋಡೈಡ್, ಟಿನ್ ಸಲ್ಫೈಡ್‌ನಂಥ ಅಗ್ಗದ ವಸ್ತುಗಳನ್ನು ಗಾಜು, ಪ್ಲಾಸ್ಟಿಕ್ ಮೇಲೆ ಬಲು ತೆಳುವಾಗಿ ಬಳಿಯುವ ಪ್ರಯತ್ನ ನಡೆದಿದೆ. ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಲೆಕ್ಕದ ಪದರ, ಸಾಮಾನು ಚೂರೇ ಸಾಕು. ಆದರೆ ಅಷ್ಟು ತೆಳುವಾದ್ದರಿಂದಲೇ ಬಿಸಿ ತಟ್ಟನೆ ದಾಟಿಬಿಡುತ್ತದೆ, ಎರಡೂ ಮುಖ ಹೆಚ್ಚುಕಡಿಮೆ ಒಂದೇ ಕಾವಿಗೆ ಬರುತ್ತವೆ. ಉದ್ದಕ್ಕೆ ಹಾಸಿದರೆ ಒಂದು ತುದಿ ತಂಪಾಗಿ ಉಳಿದೀತು. ಆಗ ಬಿಸಿ ಅಡಿಯ ಗಾಜಿನಲ್ಲೇ ಸೋರುತ್ತದೆ, ಕರೆಂಟಿಗೆ ತಡೆಯೂ ಹೆಚ್ಚು. ಹಾಗಾಗಿ ಇದು ಒಪ್ಪುವುದು ಸಣ್ಣ ಕೆಲಸಕ್ಕೆ. ಸಕ್ಕರೆ ಕಾರ್ಖಾನೆಯ ಉಗಿ ಕೊಳವೆಯ ಮೇಲೆ ಬ್ಯಾಟರಿ ಇಲ್ಲದೆ ನಡೆಯುವ ಸೆನ್ಸರ್ ಅಂದರೆ ನನಗೂ ಆಸೆಯಿದೆ.

ಇನ್ನೊಂದು ಎಚ್ಚರಿಕೆ. ತಂಪು ಮಾಡಲು ಮಾರುವ ಪೆಲ್ಟಿಯರ್ ಬಿಲ್ಲೆಯನ್ನು ಚಿಮಣಿಗೆ ಒತ್ತಬೇಡಿ. ಹಲವದರ ಒಳಗಿನ ಬೆಸುಗೆ 138 ಡಿಗ್ರಿಗೇ ಕರಗುತ್ತದೆ.

ನಿಮ್ಮ ಬಿಸಿಗೆ ಬೇರೆ ಕೆಲಸವಿದೆ. ಒಲೆಯಿಂದ ಚಿಮಣಿಗೆ ಹೋಗುವ ದಾರಿಯಲ್ಲಿ ಇನ್ನೊಂದು ಕೊಪ್ಪರಿಗೆ ಕೂರಿಸಿ, ಹಸಿ ರಸವನ್ನು ಮೊದಲೇ ಕಾಯಿಸಿಕೊಳ್ಳಿ. ಒಲೆಗೆ ಹಾಕುವ ಒಣ ಸಿಪ್ಪೆ ಉಳಿತಾಯವಾಗುತ್ತದೆ. ಹೊಗೆ ತೀರಾ ತಣ್ಣಗಾದರೆ ಮಾತ್ರ ಚಿಮಣಿ ಎಳೆಯುವುದಿಲ್ಲ, ಒಲೆ ಕಟ್ಟುವವರಿಗೆ ಅದನ್ನು ಮೊದಲೇ ಹೇಳಿ.