ರೆಸ್ಯೂಮೆ ಕಳಿಸಿದೆ, ‘ಓಕೆ’ ಅಂದ್ರು ಅಷ್ಟೇ
ಉದ್ಯೋಗ ಅಂಕಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಹಾಸನದ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ನಾಲ್ಕು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಆರ್ಡರ್ ಇಲ್ಲವೆಂದು ಮೂರು ತಿಂಗಳ ಹಿಂದೆ ಕೆಲಸದಿಂದ ತೆಗೆದರು. ಕಾಲೇಜಿನ ಸೀನಿಯರ್‌ಗಳು ಪೀಣ್ಯ, ಬಿಡದಿ ಕಡೆ ಇದ್ದಾರೆ. ಮಾತಾಡಿ ಎಷ್ಟೋ ವರ್ಷವಾಯಿತು. 40 ಜನಕ್ಕೆ ವಾಟ್ಸ್ಆ್ಯಪ್‌ನಲ್ಲಿ ರೆಸ್ಯೂಮೆ ಕಳಿಸಿದೆ. ಕೆಲವರು ‘ಓಕೆ’ ಅಂದ್ರು ಅಷ್ಟೇ. ಇನ್ನೂ ಕೇಳಿದರೆ ಗೋಗರೆದಂತೆ ಆಗುವುದಿಲ್ಲವೇ?
– ಹೆಸರು ಬೇಡ, ಹಾಸನ

ಉತ್ತರ: ‘ಓಕೆ’ ಅಂದವರಿಗೆ ನಿಮ್ಮ ಮೇಲೆ ತಾತ್ಸಾರವೇನಿಲ್ಲ. ಆ ರೆಸ್ಯೂಮೆ ಯಾವ ಕೆಲಸಕ್ಕೆ, ಅದನ್ನು ಯಾರ ಕೈಗೆ ಕೊಡಬೇಕು ಎಂಬುದು ಅವರಿಗೆ ಹೊಳೆದಿಲ್ಲ. ‘ಎಲ್ಲಾದ್ರೂ ಇದ್ರೆ ನೋಡಿ ಅಣ್ಣ’ ಅಂದರೆ ಹುಡುಕುವ ಕೆಲಸವನ್ನೇ ಅವರ ಹೆಗಲಿಗೆ ಹಾಕಿದಂತೆ. ಡ್ಯೂಟಿ ಮುಗಿಸಿ ಟ್ರಾಫಿಕ್‌ನಲ್ಲಿ ಬೆಂದು ಮನೆ ಸೇರುವ ಮನುಷ್ಯ ಅದನ್ನು ನಾಳೆಗೆ ಇಡುತ್ತಾನೆ, ನಾಳೆ ಮರೆಯುತ್ತಾನೆ. ಕೂತಲ್ಲೇ ಎರಡು ನಿಮಿಷದಲ್ಲಿ ಉತ್ತರಿಸಬಹುದಾದ್ದನ್ನು ಕೇಳಿ. ಹೀಗೆ:

“ನಮಸ್ಕಾರ ಅಣ್ಣ. ಪಾಲಿಟೆಕ್ನಿಕ್‌ನಲ್ಲಿ ನಿಮಗಿಂತ ಎರಡು ವರ್ಷ ಜೂನಿಯರ್ ನಾನು, ಹಾಸ್ಟೆಲಲ್ಲಿ ಪಕ್ಕದ ರೂಮು. ನಾಲ್ಕು ವರ್ಷ ಮಷಿನಿಂಗ್ ಪಾರ್ಟ್ಸ್ ಇನ್‌ಸ್ಪೆಕ್ಷನ್ ಮಾಡಿದ್ದೀನಿ, ಸಿಎಂಎಂ (ಪಾರ್ಟ್ಸ್ ಅಳತೆ ನೋಡೋ ಮಷಿನ್) ನಡೆಸೋಕೆ ಬರುತ್ತೆ. ನಿಮ್ಮ ಕಂಪನೀಲಿ ಕ್ವಾಲಿಟಿಗೆ ಡಿಪ್ಲೊಮಾದವರನ್ನ ನೇರವಾಗಿ ತಗೋತಾರಾ, ಇಲ್ಲಾ ಕಾಂಟ್ರಾಕ್ಟ್ ಮೂಲಕವಾ? ಬಿಡುವಾದಾಗ ಹೇಳಿ ಅಣ್ಣ.”

ಇದರ ಜೊತೆ ರೆಸ್ಯೂಮೆ ಕಳಿಸಬೇಡಿ. ಉತ್ತರ ಬಂದ ಮೇಲೆ ಸಾಮಾನ್ಯವಾಗಿ ಅವರೇ ಕೇಳುತ್ತಾರೆ. ಆಗ ಪಿಡಿಎಫ್ ಕಳಿಸಿ. ಫೈಲಿನ ಹೆಸರಿನಲ್ಲೇ ನಿಮ್ಮ ಹೆಸರು, ಹುದ್ದೆ, ಅನುಭವ ಇರಲಿ. ‘ರೆಸ್ಯೂಮೆ ಫೈನಲ್ 3’ ಎಂಬ ಫೈಲು ನಾಲ್ಕು ಜನರ ಕೈದಾಟಿ ಎಚ್‌ಆರ್ ಮುಂದೆ ಹೋದಾಗ ಯಾರದೆಂದೇ ಗೊತ್ತಾಗುವುದಿಲ್ಲ.

ದೊಡ್ಡ ಕಂಪನಿಗಳ ರೆಫರಲ್ (ಒಳಗಿರುವ ಉದ್ಯೋಗಿಯೇ ನಿಮ್ಮ ಹೆಸರು ಸೂಚಿಸುವುದು) ವಿಷಯದಲ್ಲಿ ಒಂದು ಎಚ್ಚರ ಬೇಕು. ಕಂಪನಿಯ ವೆಬ್‌ಸೈಟಿನಲ್ಲಿ ಹುದ್ದೆಯ ಜಾಬ್ ಐಡಿ ಹುಡುಕಿ; ಆದರೆ ಅರ್ಜಿ ಹಾಕಲು ಆತುರಪಡಬೇಡಿ. ಐಡಿ, ಪಿಡಿಎಫ್, ಇಮೇಲ್, ಫೋನ್ ನಂಬರನ್ನು ಒಂದೇ ಮೆಸೇಜಿನಲ್ಲಿ ಪರಿಚಯದವರಿಗೆ ಕೊಟ್ಟು, ಅವರು ರೆಫರ್ ಮಾಡುವ ತನಕ ಕಾಯಿರಿ. ನೀವೇ ಮೊದಲು ಅರ್ಜಿ ಹಾಕಿಬಿಟ್ಟರೆ, ಈ ಇಮೇಲ್ ಈಗಾಗಲೇ ನಮ್ಮಲ್ಲಿದೆ ಎಂದು ಹಲವು ಕಂಪನಿಗಳ ಸಿಸ್ಟಮ್ ರೆಫರಲ್ಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇನ್ನು ಪರಿಚಯ ಅಂದರೆ ಸೀನಿಯರ್‌ಗಳು ಮಾತ್ರವೇ? ನಿಮ್ಮ ವಿಭಾಗಕ್ಕೆ ಎಂಥೆಂಥವರು ಬಂದುಹೋಗುತ್ತಿದ್ದರು, ನೆನಪಿಸಿಕೊಳ್ಳಿ. ಗೇಜು, ಮೈಕ್ರೋಮೀಟರ್ ಕ್ಯಾಲಿಬ್ರೇಷನ್‌ನವರು, ಟೂಲ್ ಮಾರುವ ಸೇಲ್ಸ್‌ನವರು, ಮಾಲು ಪಾಸ್ ಮಾಡಲು ಬರುತ್ತಿದ್ದ ಕಸ್ಟಮರ್ ಕಡೆಯ ಎಂಜಿನಿಯರ್. ಇವರ ದಾರಿ ಫ್ಯಾಕ್ಟರಿಯಿಂದ ಫ್ಯಾಕ್ಟರಿಗೆ. ಎಲ್ಲಿ ಹೊಸ ಮಷಿನ್ ಇಳಿಯಿತು, ಎಲ್ಲಿ ಎರಡು ಶಿಫ್ಟ್ ಮೂರಾಯಿತು ಎಂಬುದು ಜಾಹೀರಾತಿಗಿಂತ ಮೊದಲೇ ಇವರ ಕಿವಿಗೆ ಬಿದ್ದಿರುತ್ತದೆ. ಶಿಫ್ಟ್ ಹೆಚ್ಚಾದ ಕಡೆ ಇನ್‌ಸ್ಪೆಕ್ಟರ್ ಬೇಕೇ ಬೇಕು.

ಮಾತು ಬಿಟ್ಟು ವರ್ಷಗಳಾದವು ಎಂಬ ಸಂಕೋಚವೂ ಬೇಡ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಿಚಯದಿಂದ ಕೆಲಸ ಸಿಕ್ಕವರ ಪೈಕಿ ಆ ಪರಿಚಯಸ್ಥರನ್ನು ಪದೇ ಪದೇ ಕಾಣುತ್ತಿದ್ದವರು ಶೇ 16.7 ಮಾತ್ರ. ಉಳಿದವರು ಆಗೊಮ್ಮೆ ಈಗೊಮ್ಮೆ ಇಲ್ಲವೇ ತೀರಾ ಅಪರೂಪಕ್ಕೆ ಕಾಣುತ್ತಿದ್ದರು. ದಿನಾ ಟೀ ಅಂಗಡಿಯಲ್ಲಿ ಸಿಗುವ ಗೆಳೆಯನಿಗೆ ನಿಮಗೆ ಗೊತ್ತಿರುವಷ್ಟೇ ಗೊತ್ತು. ದೂರದವರು ಬೇರೆ ಸುದ್ದಿ ತರುತ್ತಾರೆ.

ಒಂದು ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಬರೆಯುತ್ತಾ ಹೋಗಿ: ಹೆಸರು, ಎಲ್ಲಿದ್ದಾರೆ, ಯಾರ ಮೂಲಕ ಪರಿಚಯ, ಮಾತಾಡಿದ ತಾರೀಕು, ಹೇಳಿದ್ದೇನು, ಮತ್ತೆ ಯಾವಾಗ. ವಾರಕ್ಕೆ ಐದು ಹೊಸಬರು ಸಾಕು. ಉತ್ತರ ಬಾರದಿದ್ದರೆ ಎಂಟು ದಿನ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡಿ. ತಿಂಗಳ ಕೊನೆಯಲ್ಲಿ ಡಿಸ್‌ಪ್ಯಾಚ್ ಗಡಿಬಿಡಿ ಹೇಗಿರುತ್ತದೆಂದು ನಿಮಗೆ ಹೇಳಬೇಕಿಲ್ಲ. ಆಗ ಯಾರಿಗೂ ಮೆಸೇಜ್ ಬೇಡ.

ಹೆಚ್ಚಿನವರು ಎಡವುವುದು ಇದರ ನಂತರ. ಪರಿಚಯದವರು ಹೇಳಿದ ಕಡೆ ಹೋಗಿಬಂದು ಸುಮ್ಮನಾಗುತ್ತಾರೆ. ಹೋದಿರಿ, ಆಗಲಿಲ್ಲ ಎಂದರೂ ತಿಳಿಸಿ: ‘ಅಣ್ಣ, ಶುಕ್ರವಾರ ಹೋಗಿದ್ದೆ, ಐದು ವರ್ಷದ ಅನುಭವ ಕೇಳಿದ್ರು, ಆಗಲಿಲ್ಲ. ಥ್ಯಾಂಕ್ಸ್.’ ಇಷ್ಟು ಬರೆದವನನ್ನು ಮುಂದಿನ ಖಾಲಿ ಹುದ್ದೆ ಕಂಡಾಗ ಅವರು ನೆನೆಯುತ್ತಾರೆ.

ಪ್ರಶ್ನೆ: ಕಾಫಿ ಕ್ಯೂರಿಂಗ್ ವರ್ಕ್ಸ್ (ಕಾಫಿ ಬೀಜ ಸಂಸ್ಕರಿಸುವ ಘಟಕ) ಒಂದರ ಲ್ಯಾಬಿನಲ್ಲಿ ಔಟ್‌ಟರ್ನ್ (ಎಷ್ಟು ಬೀಜ ಇಳಿಯುತ್ತದೆಂಬ ಲೆಕ್ಕ), ಗ್ರೇಡಿಂಗ್, ಕಪ್ಪಿಂಗ್ (ರುಚಿ ಪರೀಕ್ಷೆ) ನೋಡಿಕೊಳ್ಳುತ್ತಿದ್ದೆ. ಮಕ್ಕಳಾದ ಮೇಲೆ ಬಿಟ್ಟು ಆರು ವರ್ಷವಾಯಿತು. ಹಳೆಯ ಮ್ಯಾನೇಜರ್‌ಗೆ ಒಂದು ದೀಪಾವಳಿ ಶುಭಾಶಯವನ್ನೂ ಕಳಿಸಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳಲಿ?
– ಗೃಹಿಣಿ, ಚಿಕ್ಕಮಗಳೂರು

ಉತ್ತರ: ಮುಖಕ್ಕಿಂತ ಮೊದಲು ತಿಂಗಳು ನೋಡಿ. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರುವಾದರೆ, ರೋಬಸ್ಟಾ ಮುಗಿಯುವಷ್ಟರಲ್ಲಿ ಮಾರ್ಚ್ ಬಂದಿರುತ್ತದೆ. ಯಾರ್ಡಿನಲ್ಲಿ ಲಾರಿಗಳು ಸಾಲುಗಟ್ಟಿದಾಗ ನಿಮ್ಮ ಮ್ಯಾನೇಜರ್‌ಗೆ ಫೋನ್ ಎತ್ತಲೂ ಪುರುಸೊತ್ತಿರದು. ಸೀಸನ್ನಿಗೆ ಎಷ್ಟು ಜನ ಬೇಕೆಂದು ಲೆಕ್ಕ ಹಾಕುವ ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಮಾತಾಡಿ.

ಮೊದಲು ಯಾರೆಂದು ತಿಳಿಸುವ ಎರಡು ಸಾಲಿನ ಮೆಸೇಜ್, ಸಂಜೆ ಫೋನ್. ಕ್ಷಮೆಯನ್ನು ಎಳೆಯಬೇಡಿ. ‘ಮಕ್ಕಳು ಚಿಕ್ಕವರಿದ್ರು ಸರ್, ಸಂಪರ್ಕ ತಪ್ಪಿಹೋಯ್ತು, ಈಗ ಸ್ಕೂಲಿಗೆ ಹೋಗ್ತಿದ್ದಾರೆ’ ಅಂದರೆ ಆಯಿತು. ನಂತರ ‘ಲ್ಯಾಬಲ್ಲಿ ಈಗ ಏನೇನು ಬದಲಾಗಿದೆ ಸರ್, ನಾನು ಏನು ಕಲಿತುಕೊಂಡು ಬರಬೇಕು?’ ಎಂದು ಕೇಳಿ. ಕೆಲಸ ಕೊಡಿ ಅಂದಾಗ ‘ಸದ್ಯಕ್ಕಿಲ್ಲಮ್ಮ’ ಎನ್ನುವವರೂ ಈ ಪ್ರಶ್ನೆಗೆ ಹತ್ತು ನಿಮಿಷ ಮಾತಾಡುತ್ತಾರೆ.

ಬೇರೆ ಕಡೆ ಅವರ ಹೆಸರನ್ನು ರೆಫರೆನ್ಸ್ ಕೊಡುವುದಾದರೆ ಅನುಮತಿ ಪಡೆದೇ ಕೊಡಿ. ಯಾವ ವರ್ಷದಿಂದ ಯಾವ ವರ್ಷ, ಏನೇನು ಕೆಲಸ ಎಂದು ಅರ್ಧ ಪುಟ ಬರೆದು ಕಳಿಸಿರಿ. ಇಲ್ಲವಾದರೆ ಹೊಸ ಕಂಪನಿಯವರು ಫೋನ್ ಮಾಡಿದಾಗ ಅವರು ‘ಯಾರು?’ ಎಂದು ಒಂದು ಗಳಿಗೆ ತಡವರಿಸಿದರೂ ನಿಮ್ಮ ಕೆಲಸ ಕೆಟ್ಟಂತೆ.

ಸ್ಯಾಂಪಲ್ ತರುತ್ತಿದ್ದ ಎಸ್ಟೇಟ್ ರೈಟರ್‌ಗಳು (ತೋಟದ ಲೆಕ್ಕ ಬರೆಯುವವರು), ಏಜೆಂಟರು, ಜೊತೆಗೆ ಕೆಲಸ ಮಾಡಿದವರು ಕೂಡ ಪಟ್ಟಿಯಲ್ಲಿರಲಿ. ಕಾಫಿ ಬೋರ್ಡ್ ಬೆಂಗಳೂರಿನಲ್ಲಿ ನಡೆಸುವ ‘ಕಾಪಿ ಶಾಸ್ತ್ರ’ ಎಂಬ ಕೆಲವು ದಿನಗಳ ತರಬೇತಿಯನ್ನೂ ವಿಚಾರಿಸಿ. ಹುರಿಯುವ ಘಟಕ, ಕೆಫೆ ತೆರೆಯುವ ಯೋಚನೆಯಲ್ಲಿರುವವರು ಅಲ್ಲಿ ನಿಮ್ಮ ಪಕ್ಕದಲ್ಲೇ ಕೂರುತ್ತಾರೆ. ಅಂದಹಾಗೆ, ಆರು ವರ್ಷ ಚಿಕೋರಿ ಬೆರೆಸಿದ ಮನೆ ಕಾಫಿಗೆ ಒಗ್ಗಿದ್ದರೆ, ಕಪ್ಪಿಂಗ್‌ಗೆ ಕೂರುವ ಮೊದಲು ನಾಲಗೆಯನ್ನೂ ಸ್ವಲ್ಪ ಸಾಣೆ ಹಿಡಿಯಬೇಕಾದೀತು.

ಪ್ರಶ್ನೆ: ಈಗಿನ ಕೆಲಸ ಬಿಡದೆ ಬೇರೆ ಹುಡುಕುತ್ತಿದ್ದೇನೆ. ಲಿಂಕ್ಡ್‌ಇನ್‌ನಲ್ಲಿ ‘ಓಪನ್ ಟು ವರ್ಕ್’ ಹಾಕಿದರೆ ಬಾಸ್‌ಗೆ ಗೊತ್ತಾಗುತ್ತದೆಯೇ?
– ಓದುಗ, ಸಕಲೇಶಪುರ

ಉತ್ತರ: ಫೋಟೊ ಸುತ್ತ ಹಸಿರು ಚೌಕಟ್ಟು ಬಂದರೆ ಊರಿಗೆಲ್ಲ ಗೊತ್ತಾದಂತೆ. ‘ರಿಕ್ರೂಟರ್‌ಗಳಿಗೆ ಮಾತ್ರ’ ಎಂಬ ಆಯ್ಕೆ ಇದೆ; ಅದರಲ್ಲಿ ನಿಮ್ಮ ಕಂಪನಿಯ ರಿಕ್ರೂಟರ್‌ಗಳಿಗೆ ಕಾಣದಂತೆ ಲಿಂಕ್ಡ್‌ಇನ್ ನೋಡಿಕೊಳ್ಳುತ್ತದೆ, ಆದರೆ ಪೂರ್ತಿ ಗುಟ್ಟಿನ ಭರವಸೆ ಕೊಡುವುದಿಲ್ಲ. ಬಾಸ್ ಬಗ್ಗೆ ಭಯವಿದ್ದರೆ ಅದನ್ನು ಮುಟ್ಟದೆ ಒಬ್ಬೊಬ್ಬರನ್ನೇ ಖಾಸಗಿಯಾಗಿ ಕೇಳಿ. ಪ್ರೊಫೈಲನ್ನು ಒಂದೇ ರಾತ್ರಿಯಲ್ಲಿ ತಲೆಕೆಳಗು ಮಾಡಿದರೂ ಸಹೋದ್ಯೋಗಿಗಳಿಗೆ ವಾಸನೆ ಬಡಿಯುತ್ತದೆ.

ಪ್ರಶ್ನೆ: ‘ಒಳಗೆ ನಮ್ಮವರಿದ್ದಾರೆ, ₹25,000 ಕೊಟ್ಟರೆ ಆಫರ್ ಲೆಟರ್ ಖಚಿತ’ ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ನಂಬಬಹುದೇ?
– ಓದುಗರು, ಅರಸೀಕೆರೆ

ಉತ್ತರ: ಬೇಡ. ರೆಫರಲ್‌ಗೆ ದುಡ್ಡಿಲ್ಲ, ಎಷ್ಟೋ ಕಂಪನಿಗಳಲ್ಲಿ ರೆಫರ್ ಮಾಡಿದವರಿಗೆ ಕಂಪನಿಯೇ ಬೋನಸ್ ಕೊಡುತ್ತದೆ. ಆಫರ್ ಲೆಟರ್ ಜಿಮೇಲ್ ವಿಳಾಸದಿಂದ ಬಂದರೆ ಕಂಪನಿಯ ವೆಬ್‌ಸೈಟಿನಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ ವಿಚಾರಿಸಿ, ಪತ್ರದಲ್ಲಿರುವ ನಂಬರಿಗಲ್ಲ. ಆನ್‌ಲೈನ್‌ನಲ್ಲಿ ಹಣ ಈಗಾಗಲೇ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ವಹಿವಾಟಿನ ಸಂಖ್ಯೆ, ಸಮಯ ಎರಡೂ ಕೈಯಲ್ಲಿರಲಿ.