ಕೃಷಿ ಹೊಂಡದ ಹಾವಸೆಗೆ ಮೈಲುತುತ್ತ ಬೇಡ

ಪ್ರಶ್ನೆ: ಮುಧೋಳ ತಾಲ್ಲೂಕಿನ ನಮ್ಮ ಕೃಷಿ ಹೊಂಡದಲ್ಲಿ ಕೂದಲಿನಂಥ ಹಸಿರು ಹಾವಸೆ ಹಬ್ಬಿದೆ. ಮಧ್ಯಾಹ್ನ ತೇಲುತ್ತದೆ, ರಾತ್ರಿ ಮುಳುಗುತ್ತದೆ. ಮೈಲುತುತ್ತ ಸುರಿಯಿರಿ ಎಂದು ಅಂಗಡಿಯವರು ಹೇಳುತ್ತಾರೆ. ಹೊಂಡದಲ್ಲಿ ಮೀನು ಬಿಟ್ಟಿದ್ದೇವೆ, ಕುರಿಗಳೂ ಇದೇ ನೀರು ಕುಡಿಯುತ್ತವೆ. ಏನು ಮಾಡಬೇಕು?

ಉತ್ತರ: ಸುರಿಯಬೇಡಿ. ಪ್ರತಿ ಬೇಸಿಗೆಯಲ್ಲೂ ಈ ಪ್ರಶ್ನೆ ಬರುತ್ತದೆ. ಹಲವು ಸಲ ಮೀನು ಸತ್ತ ಮೇಲೆ ಬರುತ್ತದೆ ಎಂಬುದೇ ನನ್ನ ಸಂಕಟ. ಒಂದಿಷ್ಟು ಹಾವಸೆಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿ. ಒದ್ದೆ ಸಾಬೂನಿನಂತೆ ಜಾರಿದರೆ, ಎಳೆಗಳಲ್ಲಿ ಕವಲಿಲ್ಲದಿದ್ದರೆ, ಅದು ಬಹುಮಟ್ಟಿಗೆ ಸ್ಪೈರೋಗೈರಾ. ಒರಟಾಗಿದ್ದು ಕವಲೊಡೆದಿದ್ದರೆ ಕ್ಲಾಡೋಫೋರಾ ಇರಬಹುದು. ಸೂಕ್ಷ್ಮದರ್ಶಕದಲ್ಲಿ ಸ್ಪೈರೋಗೈರಾದ ಪ್ರತಿ ಕೋಶದೊಳಗೂ ಹಸಿರು ಪಟ್ಟಿ ಸುರುಳಿ ಸುತ್ತಿಕೊಂಡಿರುವುದು ಕಾಣುತ್ತದೆ. ಬಿಸಿಲಿನಲ್ಲಿ ಅದು ಬಿಡುವ ಆಮ್ಲಜನಕದ ಗುಳ್ಳೆಗಳು ಎಳೆಗಳಲ್ಲಿ ಸಿಕ್ಕಿಕೊಂಡು ಇಡೀ ಸಿಕ್ಕನ್ನು ಮೇಲಕ್ಕೆತ್ತುತ್ತವೆ, ಕತ್ತಲಾದ ಮೇಲೆ ಗುಳ್ಳೆ ಕರಗಿ ಅದು ತಳಕ್ಕಿಳಿಯುತ್ತದೆ.

ಇಷ್ಟನ್ನೂ ಒಂದೇ ದಿನ ಕೊಂದರೆ, ಕೊಳೆಸುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನು ಹೀರಿ, ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತ ಸಾಯುತ್ತವೆ. ಮೈಲುತುತ್ತದಲ್ಲಿರುವ ತಾಮ್ರವೂ ಮೀನಿಗೆ ವಿಷವೇ. ದನಗಳು ತಾಳುವಷ್ಟು ತಾಮ್ರವನ್ನು ಕುರಿಗಳು ತಾಳಲಾರವು. ಇಷ್ಟಾದರೂ ಹಾವಸೆ ತೊಲಗುವುದಿಲ್ಲ. ಎರಡು ಎಳೆಗಳು ಏಣಿಯಂತೆ ಕೂಡಿಕೊಂಡು, ಒಂದರ ಕೋಶದ್ರವ್ಯ ಇನ್ನೊಂದಕ್ಕೆ ಹರಿದು ಹುಟ್ಟಿದ ದಪ್ಪ ಗೋಡೆಯ ಯುಗ್ಮಬೀಜಾಣುಗಳು, ಹೊಂಡ ಒಣಗಿದರೂ ಕೆಸರಿನಲ್ಲಿ ಉಳಿದು, ನೀರು ತುಂಬಿದಾಗ ಮೊಳೆಯುತ್ತವೆ.

ಹೊಲದ ಗೊಬ್ಬರ ತೊಳೆದ ನೀರು ಹೊಂಡ ಸೇರದಂತೆ ಮೊದಲು ಬದು ಕಟ್ಟಿ. ಹಾವಸೆಗೆ ಅನ್ನ ಅಲ್ಲಿಂದಲೇ ಬರುತ್ತದೆ. ಬಳಿಕ ಬಿದಿರಿನ ಗಳುವಿಗೆ ಸುತ್ತಿ, ಹಲವು ದಿನಗಳಲ್ಲಿ ಸ್ವಲ್ಪಸ್ವಲ್ಪವೇ ತೆಗೆದು ತಿಪ್ಪೆಗೆ ಹಾಕಿ. ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ ಕಬ್ಬಿಣದ ಹಲ್ಲಿನ ಸಲಕರಣೆ ಮುಟ್ಟಿಸಬೇಡಿ. ನೀರಿನ ಮೇಲೆ ಬಣ್ಣ ಚೆಲ್ಲಿದಂತೆ ನೀಲಿಹಸಿರು ಕೆನೆ ಕಟ್ಟಿದರೆ ಅದು ಕೂದಲಿನಂಥ ಹಾವಸೆಯಲ್ಲ, ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿ ಆಗಿರಬಹುದು. ಅವುಗಳಲ್ಲಿ ಕೆಲವು ಜಾನುವಾರುಗಳ ಯಕೃತ್ತನ್ನು ಕೆಡಿಸುವ ವಿಷ ಬಿಡುತ್ತವೆ; ಕುರಿಗಳನ್ನು ಅಂದೇ ಆ ನೀರಿನಿಂದ ದೂರವಿಟ್ಟು ಪಶುವೈದ್ಯರನ್ನು ಕಾಣಿರಿ.

ಪ್ರಶ್ನೆ: ಕೆರೆಯ ಹಾವಸೆಯ ಪುಡಿ ಸಕ್ಕರೆ ಕಾಯಿಲೆ ಗುಣಪಡಿಸುತ್ತದೆಂದು ವಿಜಯಪುರದ ಸಂತೆಯಲ್ಲಿ ಮಾರುತ್ತಾರೆ. ಇದು ಸ್ಪಿರುಲಿನಾ ಅಲ್ಲವೇ?

ಉತ್ತರ: ಅಲ್ಲ. ಪೂರಕ ಆಹಾರವಾಗಿ ಬಳಸುವ ಸ್ಪಿರುಲಿನಾ ಹಸಿರು ಹಾವಸೆಯೇ ಅಲ್ಲ, ಅದೊಂದು ಸಯನೋಬ್ಯಾಕ್ಟೀರಿಯಾ. ಚರಂಡಿ ನೀರು ಸೇರುವ ಕೆರೆಯಿಂದ ಬಾಚಿದ್ದನ್ನು ಔಷಧವೆಂದು ಮಾರುವವರು ಮೋಸಗಾರರು. ಅವರ ಮಾತಿಗೆ ವೈದ್ಯರು ಕೊಟ್ಟ ಮಾತ್ರೆ ಬಿಡಬೇಡಿ.

ಪ್ರಶ್ನೆ: ಕಪ್ಪೆಯ ಜೊಲ್ಲಿನಿಂದ ಹಾವಸೆ ಹುಟ್ಟುತ್ತದೆಯೇ?

ಉತ್ತರ: ಇಲ್ಲ.