ಇಂಡಿಯ ಲಿಂಬೆ, ಪುಣೆಯ ಸಿಮೆಂಟು, ಮುಕಾದಮನ ಮುಂಗಡ

ಸರ್ಕಾರ ಸೊನ್ನೆ ಬಡ್ಡಿಗೆ ಸಾಲ ಕೊಡುವಾಗ ನಿಮ್ಮ ವಿಜಯಪುರ, ಕಲಬುರಗಿ ಕಡೆಯವರು ಪುಣೆಗೆ ಬಂದು ಇಟ್ಟಿಗೆ ಹೊರುವುದು ಯಾಕೆ ಎಂದು ಕೇಳಿದ್ರಿ. ಬೆಂಗಳೂರಿನಲ್ಲಿ ಕೂತವರಿಗೆ ಹಾಗೆ ಅನ್ನಿಸುವುದು ಸಹಜ. ನಾನು ಇಂಡಿ ತಾಲ್ಲೂಕಿನವನು, ಈಗ ಪುಣೆಯ ವಾರಜೆಯಲ್ಲಿದ್ದೇನೆ. ಬೆಳಿಗ್ಗೆ ಇಲ್ಲಿಯ ಮಜೂರ ಅಡ್ಡಾದಲ್ಲಿ, ಅಂದರೆ ಕೂಲಿಯವರು ಕೆಲಸಕ್ಕೆ ಕಾಯುವ ಜಾಗದಲ್ಲಿ, ನಿಂತರೆ ಸಿಂದಗಿ, ಅಫಜಲಪುರ, ಆಳಂದ ಕಡೆಯ ಕನ್ನಡ ಕಿವಿಗೆ ಬೀಳುತ್ತದೆ, ನಡುನಡುವೆ ಲಂಬಾಣಿ. ಇವರಲ್ಲಿ ಬಹಳ ಮಂದಿ ಸಾಲ ತಗೊಂಡೇ ಊರು ಬಿಟ್ಟವರು. ಸಾಲ ಕೊಟ್ಟಾತ ಮಾತ್ರ ಬ್ಯಾಂಕಿನವನಲ್ಲ, ಮುಕಾದಮ, ಅಂದರೆ ಕೂಲಿಯವರನ್ನು ಕೂಡಿಸಿ ಕೆಲಸಕ್ಕೆ ಒಯ್ಯುವವನು.

ನಮ್ಮ ಕಡೆ ದಸರಾ ಸುತ್ತಮುತ್ತ ಮುಕಾದಮರು ತಿರುಗಾಡಲು ಶುರು ಮಾಡುತ್ತಾರೆ. ಕಬ್ಬು ಕಡಿಯುವ ಗ್ಯಾಂಗಿಗೆ ಗಂಡ-ಹೆಂಡತಿ ಜೋಡಿ ಬೇಕು, ಕಟ್ಟಡದ ಕೆಲಸಕ್ಕೂ ಅದೇ ರೀತಿ. ಉಚಲ್ ಅಂದರೆ ಮುಂಗಡ, ಅದು ಕೈಮೇಲೆ ಬರುತ್ತದೆ. ಉತಾರ (ಹೊಲದ ಪಹಣಿ) ಕೇಳುವುದಿಲ್ಲ, ಜಾಮೀನು ಬೇಡ, ಫೋಟೊ ಬೇಡ. ಮಗಳ ಮದುವೆಗೋ ಬೋರ್‌ವೆಲ್ ಹೊಡೆಸಲಿಕ್ಕೋ ಆಸ್ಪತ್ರೆಗೋ, ಯಾತಕ್ಕೆ ಅಂತ ಯಾರೂ ವಿಚಾರಿಸುವುದಿಲ್ಲ. ಆಮೇಲೆ ಸೀಜನ್ ಪೂರ್ತಿ ದುಡಿದು ತೀರಿಸಬೇಕು. ತೀರದೆ ಉಳಿದದ್ದು ಮುಂದಿನ ವರ್ಷದ ಲೆಕ್ಕಕ್ಕೆ ಹೋಗುತ್ತದೆ, ಮಂದಿಯೂ ಅದರ ಹಿಂದೆ ಹೋಗುತ್ತಾರೆ. ಬಡ್ಡಿ ಎಷ್ಟು ಅಂದರೆ ಹೇಳಲಿಕ್ಕೆ ಬರುವುದಿಲ್ಲ. ಅದು ಕೂಲಿಯ ದರದೊಳಗೇ ಅಡಗಿರುತ್ತದೆ.

ಹಳ್ಳಿಯ ಬಡತನ ಕಡಿಮೆ ಮಾಡಬೇಕು ಅನ್ನುವ ಯಾವ ಸಾಲವೂ ಮೊದಲು ಈ ಮುಕಾದಮನ ಜೊತೆ ಸ್ಪರ್ಧೆಗಿಳಿಯಬೇಕು. ಬಡ್ಡಿಯಲ್ಲಿ ಅವನನ್ನು ಸೋಲಿಸುವುದು ಕಷ್ಟವಲ್ಲ. ವೇಳೆಗೆ ಸರಿಯಾಗಿ ಕೊಡುವುದರಲ್ಲಿ, ಯಾರಿಗೆ ಕೊಡುತ್ತೇವೆ ಅನ್ನುವುದರಲ್ಲಿ ಸೋಲಿಸಬೇಕು, ಅಲ್ಲೇ ತಾಪತ್ರಯ.

ಈ ಹೊಡೆದಾಟ ಹಳೆಯದು. ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ 1875ರ ಮೇ ತಿಂಗಳಲ್ಲಿ ರೈತರು ಸಾವುಕಾರರ ಮನೆಗಳಿಗೆ ನುಗ್ಗಿ ಸಾಲದ ಕಾಗದಗಳನ್ನು ಸುಟ್ಟರು. ಅದೇ ದಖ್ಖನ್ ದಂಗೆ. 1879ರಲ್ಲಿ ರೈತರ ರಕ್ಷಣೆಗೆ ಕಾಯ್ದೆ ಬಂತು, ಆದರೆ ಸಾವುಕಾರನ ಬದಲಿಗೆ ಸಾಲ ಕೊಡುವವರು ಯಾರು ಎಂಬುದಕ್ಕೆ ಕಾಯ್ದೆಯಲ್ಲಿ ಉತ್ತರವಿರಲಿಲ್ಲ. ಉತ್ತರ ಬಂದದ್ದು ನಮ್ಮ ಕನ್ನಡದ ಊರಿನಿಂದ: 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು, ದೇಶದಲ್ಲೇ ಮೊದಲನೆಯದು. ಆಗ ಪುಣೆಯೂ ಗದಗವೂ ಒಂದೇ ಮುಂಬಯಿ ಪ್ರಾಂತ್ಯದಲ್ಲಿದ್ದವು. ಪುಣೆಯಲ್ಲಿ ಈ ಮಾತು ಎತ್ತಿದರೆ ಯಾರೂ ನಂಬುವುದಿಲ್ಲ, ಸಹಕಾರವೆಂದರೆ ತಮ್ಮದೇ ಸಕ್ಕರೆ ಕಾರ್ಖಾನೆ ಅಂದುಕೊಂಡಿದ್ದಾರೆ! ಅಷ್ಟಾದರೂ 1951-52ರ ಹೊತ್ತಿಗೆ ರಿಸರ್ವ್ ಬ್ಯಾಂಕ್ ಸಮೀಕ್ಷೆ ಮಾಡಿದಾಗ ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಮೂರು, ಲೇವಾದೇವಿಯವರದು ಎಪ್ಪತ್ತರ ಸಮೀಪ.

ಬ್ಯಾಂಕು ಹಳ್ಳಿಗೆ ಹೋದರೆ ಉಪಯೋಗವಾಗುತ್ತದೆಯೇ? ಆಗಿದೆ. 1977ರಿಂದ 1990ರವರೆಗೆ ಒಂದು ನಿಯಮವಿತ್ತು: ಈಗಾಗಲೇ ಬ್ಯಾಂಕಿರುವ ಜಾಗದಲ್ಲಿ ಒಂದು ಶಾಖೆ ತೆರೆಯಬೇಕಾದರೆ ಬ್ಯಾಂಕಿಲ್ಲದ ನಾಲ್ಕು ಊರಿನಲ್ಲಿ ತೆರೆಯಬೇಕು. ಆ ಕಾಲದಲ್ಲಿ ಶಾಖೆ ಬಂದ ಕಡೆ ಹಳ್ಳಿಯ ಬಡತನ ಇಳಿಯಿತೆಂದು ಅರ್ಥಶಾಸ್ತ್ರಜ್ಞರಾದ ರಾಬಿನ್ ಬರ್ಜೆಸ್, ರೋಹಿಣಿ ಪಾಂಡೆ 2005ರಲ್ಲಿ ತೋರಿಸಿದರು. ವಸೂಲಿ ಕೆಟ್ಟಿತ್ತು ಎಂಬುದನ್ನೂ ಅವರೇ ಬರೆದಿದ್ದಾರೆ, ಅದನ್ನು ಮುಚ್ಚಿಟ್ಟು ಹೇಳಬಾರದು.

ಈಗ ನಿಮ್ಮ ಸೊನ್ನೆ ಬಡ್ಡಿಗೆ ಬರೋಣ. ಕರ್ನಾಟಕದಲ್ಲಿ ಈ ಬೆಳೆಸಾಲದ ಮಿತಿಯನ್ನು 2023-24ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಒಳ್ಳೆಯದೇ. ಆದರೆ ಅದು ವರ್ಷದೊಳಗೆ ಕಟ್ಟಬೇಕಾದ ಸಾಲ, ವಾಯಿದೆ ದಾಟಿದರೆ ಬಡ್ಡಿ ಬೀಳುತ್ತದೆ. ನಮ್ಮ ತಾಲ್ಲೂಕು ಹೆಸರುವಾಸಿಯಾದದ್ದು ಲಿಂಬೆಯಿಂದ. ಇಂಡಿ ಲಿಂಬೆಗೆ ಭೌಗೋಳಿಕ ಗುರುತೂ ಸಿಕ್ಕಿದೆ. ಲಿಂಬೆ ಗಿಡ ಹಚ್ಚಿದರೆ ಸರಿಯಾದ ಫಲ ಕಾಣಲು ನಾಲ್ಕೈದು ವರ್ಷ ಬೇಕು. ಹನ್ನೆರಡು ತಿಂಗಳ ಸಾಲದಿಂದ ಲಿಂಬೆ ತೋಟ ಎಬ್ಬಿಸುವುದು ಹೇಗೆ? ಮಾರ್ಚ್ ಬಂತೆಂದರೆ ಯಾರ ಹತ್ತಿರವಾದರೂ ಕೈಗಡ ತಂದು ಸೊಸೈಟಿಗೆ (ಊರಿನ ಸಹಕಾರ ಸಂಘಕ್ಕೆ) ಕಟ್ಟುತ್ತಾರೆ, ನಾಲ್ಕು ದಿನಕ್ಕೆ ಮತ್ತೆ ಎತ್ತಿ ಕೈಗಡ ತೀರಿಸುತ್ತಾರೆ. ನವಾ-ಜುನಾ ಅಂತಾರೆ ಇದಕ್ಕೆ. ಪುಸ್ತಕದಲ್ಲಿ ವಸೂಲಿ ಚೆನ್ನಾಗಿ ಕಾಣುತ್ತದೆ, ಹೊಲದಲ್ಲಿ ಏನೂ ಬದಲಾಗಿರುವುದಿಲ್ಲ. ವರ್ಷಕ್ಕೆ ನೂರಕ್ಕೆ ಮೂರರ ಬಡ್ಡಿಗೆ ದೀರ್ಘಾವಧಿ ಸಾಲವೂ ಇದೆ, 15 ಲಕ್ಷದವರೆಗೆ. ನನ್ನನ್ನು ಕೇಳಿದರೆ ಬಡತನ ಕಳೆಯುವ ತಾಕತ್ತಿರುವುದು ಅದಕ್ಕೇ: ಬಾವಿ, ಹನಿ ನೀರಾವರಿ, ಎಮ್ಮೆ, ತೋಟ. ಆದರೆ ಅದಕ್ಕೆ ಉತಾರ ಸ್ವಚ್ಛ ಇರಬೇಕು. ನಮ್ಮ ಮನೆಗಳಲ್ಲಿ ಉತಾರ ಇನ್ನೂ ಅಜ್ಜನ ಹೆಸರಿನಲ್ಲಿರುತ್ತದೆ, ವಾಟ್ನಿ (ಪಾಲು) ಆಗಿರುವುದಿಲ್ಲ, ಮೇಲೆ ಹಳೆಯ ಸಾಲದ ಬೋಜಾ ಕೂತಿರುತ್ತದೆ. ನಾಲ್ಕು ಮಂದಿ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಸಾಲ, ಉಳಿದ ಮೂವರಿಗೆ ಪುಣೆ.

ಮನೆಮನೆಗೆ ಕೊಡದ ಸಾಲವೂ ಒಂದಿದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಕೃಷಿ, ಸಣ್ಣ ಉದ್ದಿಮೆಯಂಥ ಆದ್ಯತಾ ವಲಯಕ್ಕೆ ನಿಗದಿಯಾದಷ್ಟು ಸಾಲ ಕೊಡದ ಬ್ಯಾಂಕುಗಳು ಬಾಕಿ ಬಿದ್ದ ಹಣವನ್ನು ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್‌ನಲ್ಲಿ ಇಡಬೇಕಾಗುತ್ತದೆ. 1995-96ರಿಂದ ನಬಾರ್ಡ್ ಆ ಹಣವನ್ನು ರಾಜ್ಯ ಸರ್ಕಾರಗಳಿಗೆ ಹಳ್ಳಿಯ ರಸ್ತೆ, ಸೇತುವೆ, ನೀರಾವರಿಗೆಂದು ಸಾಲ ಕೊಡುತ್ತಿದೆ. ಕೆರೆಗೆ ನೀರು ಬಂದ ಊರಿನಲ್ಲಿ ಬೆಳೆಸಾಲ ತಾನಾಗಿ ತೀರುತ್ತದೆ. ನೀರಿಲ್ಲದ ಊರಿನಲ್ಲಿ ಬೋರು ಬತ್ತಿದ ಮೇಲೆ ಉಳಿಯುವುದು ಸಾಲ ಒಂದೇ. ಮೊದಲು ನೀರು, ಆಮೇಲೆ ಸಾಲ. ಈ ಸರದಿ ತಿರುವು-ಮುರುವು ಆದಾಗಲೇ ನಮ್ಮವರು ಗಂಟು ಕಟ್ಟಿದ್ದು.

ಹೆಣ್ಣುಮಕ್ಕಳ ಸ್ವಸಹಾಯ ಸಂಘದ ಕಥೆ ಬೇರೆ. ಎಂಬತ್ತರ ದಶಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕೋಲಾರದ ಕಡೆ ಕಟ್ಟಿದ ಸಣ್ಣ ಗುಂಪುಗಳನ್ನು ನೋಡಿಯೇ ನಬಾರ್ಡ್ 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. ನಮ್ಮ ಅತ್ತಿಗೆಯವರ ಸಂಘದಲ್ಲಿ ಎಮ್ಮೆಗೆ ತಗೊಂಡ ಸಾಲ ಹಾಲಿನ ದುಡ್ಡಿನಲ್ಲಿ ತೀರಿತು, ಆ ಮನೆಯವರು ಕಬ್ಬಿಗೆ ಹೋಗುವುದನ್ನು ಬಿಟ್ಟರು. ಆದರೆ ಸಂಘದ ಸಭೆಗೆ ವಾರವಾರ ಕೂರಬೇಕು. ಆರು ತಿಂಗಳು ಪುಣೆಯ ತಗಡಿನ ಶೆಡ್ಡಿನಲ್ಲಿರುವವಳು ಕೂರುವುದೆಲ್ಲಿ? ಎಲ್ಲರಿಗಿಂತ ಬಡವಳೇ ಮೊದಲು ಸಂಘದಿಂದ ಬಿದ್ದುಹೋಗುತ್ತಾಳೆ. ಆಕೆಗೆ ಉಳಿಯುವುದು ವಾರದ ಕಂತಿನ ಖಾಸಗಿ ಫೈನಾನ್ಸು. ಒಂದರ ಕಂತಿಗೆ ಇನ್ನೊಂದರಿಂದ ಎತ್ತುತ್ತಾಳೆ. ಮನೆಯ ಆದಾಯದ ಅರ್ಧಕ್ಕಿಂತ ಕಂತು ಹೆಚ್ಚಾಗಬಾರದೆಂದು 2022ರಲ್ಲಿ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಕಿರುಕುಳ ಮಿತಿಮೀರಿದ್ದಕ್ಕೆ 2025ರಲ್ಲಿ ಕರ್ನಾಟಕ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಹೊಲವೇ ಇಲ್ಲದೆ ಬೇರೆಯವರ ಹೊಲ ಲಾವಣಿಗೆ (ಗುತ್ತಿಗೆಗೆ) ಹಾಕಿಕೊಂಡು ಮಾಡುವವರಿಗೆ ನಾಲ್ಕೈದು ಮಂದಿ ಕೂಡಿ ಒಬ್ಬರಿಗೊಬ್ಬರು ಜಾಮೀನು ನಿಲ್ಲುವ ಜಂಟಿ ಹೊಣೆಗಾರಿಕೆ ಗುಂಪಿನ ಸಾಲವಿದೆ. ಅಡ್ಡಾದಲ್ಲಿ ನಾನು ಮಾತಾಡಿಸಿದ ಹುಡುಗರಿಗೆ ಆ ಹೆಸರೇ ಗೊತ್ತಿರಲಿಲ್ಲ. ಮುಂದಿನ ಸಲ ನಮ್ಮ ಕಡೆ ಬರುವುದಾದರೆ ದಸರಾಕ್ಕಿಂತ ಹದಿನೈದು ದಿನ ಮುಂಚೆ ಬನ್ನಿ. ಸೊಸೈಟಿಯ ಬಾಗಿಲಲ್ಲೂ ನಿಲ್ಲಿ, ಮುಕಾದಮ ಕೂರುವ ಚಹಾದ ಅಂಗಡಿಯಲ್ಲೂ ಕೂತು ನೋಡಿ. ಯಾರ ದುಡ್ಡು ಮೊದಲು ಕೈಗೆ ಬರುತ್ತದೆ ಅನ್ನುವುದು ನಿಮಗೇ ಗೊತ್ತಾಗುತ್ತದೆ.